ಬೆಳದಿಂಗಳಲ್ಲಿ ಮುನ್ನೂರು ಎಣಿಸಿದ್ದು

ಸುಳ್ಳು ಹೇಳುವ ಅಭ್ಯಾಸ ಅವರಿಗೆ ಇರಲಿಲ್ಲ. ಇರುವ ನಿಜವನ್ನೇ ಒಂದಿಷ್ಟು ದೊಡ್ಡದು ಮಾಡಿ ತೋರಿಸುತ್ತಿದ್ದರು, ಅಷ್ಟೆ. ಕೆರೆಯ ಕಡೆಗೆ ಇಳಿಯುವ ಬೀದಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕನ್ನಡಕದ ಅಂಗಡಿ ಇಟ್ಟುಕೊಂಡವರು ಬೇರೇನು ಮಾಡಿಯಾರು? ನೆಗಡಿ ಬಂದರೆ ನ್ಯುಮೋನಿಯಾ ಎನ್ನುವರು; ಅಂಗಡಿಯಲ್ಲಿ ಸುಂಡಿಲಿ ಕಂಡರೆ ಹೆಗ್ಗಣ ಎನ್ನುವರು; ಯಾವುದೋ ಕಚೇರಿಯ ಜವಾನ ಕನ್ನಡಕದ ಕಡ್ಡಿ ಮುರಿದುಕೊಂಡು ಬಂದರೆ, ‘ಇವತ್ತು ಸರ್ಕಾರದ ಕಡೆಯವರು ನನ್ನ ಹತ್ತಿರ ಬಂದಿದ್ರು’ ಎಂದು ಬೀದಿಗೆಲ್ಲ ಕೇಳುವ ಹಾಗೆ ಹೆಂಡತಿಗೆ ಹೇಳುವರು. ಹೀಗಾಗಿ ಬೀದಿಯವರು ಅವರಿಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದರು. ಎದುರಿಗೆ ಮಾತ್ರ ‘ಸಾರ್’.

ಅನಾಹುತ ಶುರುವಾದದ್ದು ಷಡ್ಡಕನ ಮನೆಯಲ್ಲಿ. ಷಡ್ಡಕ ಎಂದರೆ ಹೆಂಡತಿಯ ಅಕ್ಕನ ಗಂಡ. ಲೋಕದಲ್ಲಿ ಶತ್ರುಗಳೇ ಇಲ್ಲದ ಮನುಷ್ಯನಿಗೂ ಒಬ್ಬ ಷಡ್ಡಕನಾದರೂ ಇರಲಿ ಎಂದು ದೇವರು ಏರ್ಪಾಟು ಮಾಡಿರುತ್ತಾನೆ. ಈ ಷಡ್ಡಕ ಟೈಲ್ಸ್ ವ್ಯಾಪಾರಿ. ಹೊಸ ಮನೆ ಕಟ್ಟಿಸಿ, ಹಾಲಿನ ಗೋಡೆಯ ತುಂಬಾ ತಾನು ಪ್ರವಾಸದಲ್ಲಿ ತೆಗೆದ ಫೋಟೋಗಳನ್ನು ತೂಗುಹಾಕಿದ್ದ. ಜಲಪಾತದ ಮುಂದೆ ಹೆಂಡತಿ, ಬೆಟ್ಟದ ಮುಂದೆ ಹೆಂಡತಿ, ಸಮುದ್ರದ ಮುಂದೆ ಹೆಂಡತಿ. ಹೆಂಡತಿಯ ಹಿಂದೆ ಅಲ್ಪಸ್ವಲ್ಪ ಪ್ರಕೃತಿ.

‘ಭಾವ, ಎಷ್ಟು ಚೆನ್ನಾಗಿ ತೆಗ್ದಿದೀರಾ!’ ಎಂದು ಭೂತಗನ್ನಡಿಯವರ ಹೆಂಡತಿ ಒಂದು ಸಲ ಅಂದಳು. ಅವರು ಚಹಾ ಊದಿದರು. ಎರಡನೇ ಸಲ ಅಂದಳು. ಚಹಾ ಕುಡಿದರು. ಮೂರನೇ ಸಲ ಅಂದಾಗ ಅವರ ಬಾಯಿ ಅವರನ್ನು ಕೇಳದೆಯೇ ತೆರೆದುಕೊಂಡಿತು.

‘ಹಗಲು ಹೊತ್ತಲ್ಲಿ ಯಾರು ಬೇಕಾದ್ರೂ ತೆಗೀತಾರೆ. ನಾನೇನಿದ್ರೂ ಬೆಳದಿಂಗಳಲ್ಲೇ.’

ಹೆಂಡತಿಯ ಕೈಯಲ್ಲಿದ್ದ ಬಿಸ್ಕತ್ತು ಬಾಯಿಗೂ ತಟ್ಟೆಗೂ ನಡುವೆ ನಿಂತುಬಿಟ್ಟಿತು. ಇದರಲ್ಲಿದ್ದ ನಿಜಾಂಶ ಇಷ್ಟು: ಬೆಳದಿಂಗಳಲ್ಲಿ ಕೆರೆ, ಬೆಟ್ಟ, ಬಯಲುಗಳ ಫೋಟೋ ತೆಗೆಯುವವರ ಬಗ್ಗೆ ಅವರು ಕ್ಷೌರದಂಗಡಿಯ ಹಳೆಯ ವಾರಪತ್ರಿಕೆಯಲ್ಲಿ ಅರ್ಧ ಪುಟ ಓದಿದ್ದರು. ಉಳಿದರ್ಧ ಪುಟವನ್ನು ಕ್ಷೌರಿಕ ಕತ್ತಿ ಒರೆಸಲು ಹರಿದುಕೊಂಡಿದ್ದ.

‘ಬರೀ ಚಂದ್ರನ ಬೆಳಕಲ್ಲಾ?’ ಷಡ್ಡಕನ ಹುಬ್ಬು ಮೇಲೇರಿತು. ‘ಸರಿ ಹಾಗಾದ್ರೆ, ಈ ಗೋಡೆಯ ನಡುಭಾಗ ನಿನ್ನ ಫೋಟೋಗೆ ಬಿಟ್ಟೆ. ನಿಮ್ಮ ಬೀದಿ ತುದೀಲಿ ಕೆರೆ ಇದೆ, ಆಚೆ ಗುಡ್ಡ ಇದೆ. ಹುಣ್ಣಿಮೆಗೆ ಇನ್ನು ಐದೇ ದಿನ. ನಾನೇ ಬರ್ತೀನಿ, ಹೇಗೆ ತೆಗೀತೀಯಾ ನೋಡೋಣ.’

‘ಧಾರಾಳವಾಗಿ ಬನ್ನಿ ಷಡ್ಡಕರೇ’ ಎಂದರು ಭೂತಗನ್ನಡಿಯವರು.

ಬಸ್ಸು ಹತ್ತಿ ಟಿಕೆಟ್ ತೆಗೆದುಕೊಂಡಾಯಿತು. ಆಮೇಲೆ ಹೆಂಡತಿ ಮೆಲ್ಲಗೆ ಕೇಳಿದಳು: ‘ರೀ, ನಮ್ಮನೇಲಿ ಕ್ಯಾಮೆರಾನೇ ಇಲ್ವಲ್ಲ?’

‘ಅದೊಂದು ಸಣ್ಣ ವಿಷಯ ಕಣೇ’ ಎಂದು ಅವರು ಕಿಟಕಿಯಾಚೆ ನೋಡಿದರು.

ಆ ಸಣ್ಣ ವಿಷಯವನ್ನು ಪರಿಹರಿಸಿದವನು ಸ್ಟುಡಿಯೋ ಅಜ್ಜ. ನಲವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿ, ಕಣ್ಣು ಮಂಜಾದ ಮೇಲೆ ಬಾಗಿಲು ಹಾಕಿದ್ದ ಆತ ಭೂತಗನ್ನಡಿಯವರ ಹಳೆಯ ಗಿರಾಕಿ. ಅಟ್ಟದಿಂದ ಹಳೆಯ ಪೆಟ್ಟಿಗೆ ಕ್ಯಾಮೆರಾ, ಮರದ ಮೂರು ಕಾಲಿನ ಸ್ಟ್ಯಾಂಡು, ತಲೆಯ ಮೇಲೆ ಹೊದ್ದುಕೊಳ್ಳುವ ಕಪ್ಪು ಬಟ್ಟೆ ಎಲ್ಲವನ್ನೂ ಇಳಿಸಿಕೊಟ್ಟ.

‘ಚಂದ್ರ ಬೆನ್ನ ಹಿಂದಿರಲಿ’ ಎಂದ ಅಜ್ಜ. ‘ಗುಂಡಿ ಒತ್ತಿದ್ರೆ ಇದರ ಕಣ್ಣು ತೆರೀತದೆ. ಮುನ್ನೂರು ಎಣಿಸಿ ಮತ್ತೆ ಒತ್ತು, ಮುಚ್ಚಿಕೊಳ್ತದೆ. ಗಟ್ಟಿಯಾಗಿ ಎಣಿಸು, ಮನಸ್ಸಲ್ಲಿ ಎಣಿಸಿದ್ರೆ ಓಡಿಹೋಗ್ತೀಯ. ದೂರ ಎಷ್ಟು ಅಂತ ಟೇಪು ಹಿಡಿದು ಅಳೆ, ಕತ್ತಲಲ್ಲಿ ಕಣ್ಣಳತೆ ನಂಬಬೇಡ. ಎಲ್ಲಾ ಒಂದು ಪುಸ್ತಕದಲ್ಲಿ ಬರೆದಿಟ್ಕೋ. ಇದಕ್ಕೆ ಮೂರು ಕಾಲು, ನಿನಗೆ ಎರಡು. ಯಾವುದು ಅಲ್ಲಾಡ್ತದೆ ಅಂತ ನಾನು ಹೇಳಬೇಕಾಗಿಲ್ಲ.’

ಮರುದಿನ, ಹುಣ್ಣಿಮೆಗೆ ನಾಲ್ಕು ದಿನ ಇರುವಾಗಲೇ, ಅಭ್ಯಾಸಕ್ಕೆಂದು ರಾತ್ರಿ ಹತ್ತು ಗಂಟೆಗೆ ಅವರು ಬೀದಿಯ ನಡುವೆ ಮೂರು ಕಾಲು ಊರಿದರು. ಅಲ್ಲಿಂದ ಕೆರೆ ಕಾಣುತ್ತಿತ್ತು ಎಂದರೆ ಉತ್ಪ್ರೇಕ್ಷೆ. ಎಡಗಡೆ ಬೇಕರಿಯವನು ರಸ್ತೆಯ ಮೇಲೆ ಎಳೆದಿದ್ದ ತಗಡಿನ ಚಾವಣಿ. ಬಲಗಡೆ ಮಹಡಿ ಮನೆಯಮ್ಮನ ಸಿಮೆಂಟು ಮೆಟ್ಟಿಲುಗಳು. ತುದಿಯಲ್ಲಿ, ವರ್ಷಕ್ಕೊಂದು ಅಡಿಯಂತೆ ಕೆರೆಯ ಕಡೆ ನಡೆದುಕೊಂಡೇ ಬಂದಿದ್ದ ನಿವೃತ್ತ ಹೆಡ್‌ಮೇಷ್ಟ್ರ ಹೂತೋಟದ ಬೇಲಿ. ಇವೆಲ್ಲದರ ಸಂದಿಯಲ್ಲಿ ಕೆರೆ ಚಾಪೆಯ ಅಂಚಿನಷ್ಟು ಹೊಳೆಯುತ್ತಿತ್ತು.

ಹೆಂಡತಿ ಆಕಳಿಸುತ್ತಾ ಬೇಕರಿಯ ಗೋಡೆಗೆ ಟೇಪಿನ ತುದಿ ಒತ್ತಿ ಹಿಡಿದಳು.

‘ಎಷ್ಟು ಬಂತು?’

‘ನಲವತ್ತೆರಡೂಕಾಲು ಅಡಿ!’

‘ಬರ್ಕೋ! ಈಗ ಮೇಷ್ಟ್ರ ಬೇಲಿ ಹತ್ರ ಹೋಗು!’

ಆಮೇಲೆ ಕಪ್ಪು ಬಟ್ಟೆಯೊಳಗೆ ಹೊಕ್ಕು, ಹೊರಬಂದು, ಗುಂಡಿ ಒತ್ತಿ, ‘ಒಂದು... ಎರಡು... ಮೂರು...’ ಎಂದು ಕಂಚಿನ ಕಂಠದಲ್ಲಿ ಎಣಿಸತೊಡಗಿದರು.

ಮಹಡಿ ಮನೆಯಮ್ಮ ಕಿಟಕಿ ತೆರೆದರು. ಮೂರು ಕಾಲಿನ ಯಂತ್ರ ಕಂಡಿತು, ಟೇಪು ಕಂಡಿತು, ಪುಸ್ತಕ ಕಂಡಿತು, ಲೆಕ್ಕ ಕೇಳಿಸಿತು. ಇನ್ನೇನು ಬೇಕು? ಬೆಳಗಿನ ಜಾವ ಬೇಕರಿಯ ಮುಂದೆ ಬ್ರೆಡ್ಡಿಗೆ ನಿಂತವರ ನಡುವೆ ವಿಚಾರ ಇತ್ಯರ್ಥವಾಗಿಹೋಯಿತು: ರಸ್ತೆ ಅಗಲ ಮಾಡುತ್ತಾರೆ. ಹಗಲು ಅಳೆದರೆ ಜನ ಗಲಾಟೆ ಮಾಡುತ್ತಾರೆಂದು ಗುಟ್ಟಾಗಿ ರಾತ್ರಿ ಅಳೆಸುತ್ತಿದ್ದಾರೆ.

‘ಅದಕ್ಕೆ ನಮ್ಮ ಭೂತಗನ್ನಡೀನೇ ಯಾಕೆ?’ ಎಂದು ಬೇಕರಿಯವನು ಕೇಳಿದ.

‘ಅಳತೆ ಯಂತ್ರದೊಳಗೆ ಏನಿರುತ್ತೆ? ಗಾಜು’ ಎಂದರು ಮಹಡಿ ಮನೆಯಮ್ಮ. ‘ಗಾಜಿನ ಕೆಲಸ ಯಾರಿಗೆ ಗೊತ್ತು? ಮೊನ್ನೆ ಸರ್ಕಾರದ ಕಡೆಯವರು ಬಂದಿದ್ರು ಅಂತ ಅವನೇ ಹೆಂಡತಿ ಹತ್ರ ಹೇಳ್ತಿದ್ದ. ಈ ಕಿವಿಯಾರೆ ಕೇಳಿದೀನಿ.’

ಬೆಳಿಗ್ಗೆ ಮೂವತ್ತು ಅಡಿಯಿದ್ದ ರಸ್ತೆ ಮಧ್ಯಾಹ್ನಕ್ಕೆ ನಲವತ್ತಾಯಿತು. ದೀಪ ಹಚ್ಚುವ ಹೊತ್ತಿಗೆ ಎಂಬತ್ತಾಗಿ, ನಡುವೆ ಹುಲ್ಲೂ ಬೆಳೆಯಿತು.

ಇತ್ತ ಅಜ್ಜ ತೊಳೆದುಕೊಟ್ಟ ಮೊದಲ ರಾತ್ರಿಯ ಫೋಟೋಗಳು ಇದ್ದಿಲಿನ ಹಾಗೆ ಬಂದಿದ್ದವು. ಭೂತಗನ್ನಡಿಯವರು ಕ್ಯಾಮೆರಾದ ಮೂತಿಯ ಮುಚ್ಚಳವನ್ನೇ ತೆಗೆದಿರಲಿಲ್ಲ.

‘ರಾತ್ರಿ ಫೋಟೋ ತಾನೇ?’ ಎಂದಳು ಹೆಂಡತಿ, ಒಂದೊಂದನ್ನೇ ಬೆಳಕಿಗೆ ಹಿಡಿದು. ‘ರಾತ್ರಿ ಸರಿಯಾಗೇ ಬಂದಿದೆ.’

ಆ ದುಃಖದಲ್ಲಿ ಅವರು ಅಂಗಡಿಯಲ್ಲಿ ಕೂತಿದ್ದಾಗ ಹೆಡ್‌ಮೇಷ್ಟ್ರು ಕಣ್ಣು ಪರೀಕ್ಷೆಯ ನೆಪ ಹೂಡಿ ಬಂದರು. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ಗೋಡೆಯ ಮೇಲಿನ ಅಕ್ಷರದ ಪಟ ತೋರಿಸಿದರು.

‘ಕೆಳಗಿನ ಸಾಲು ಓದಿ ಮೇಷ್ಟ್ರೇ.’

‘ಆ ಸಾಲು ಬಿಡಿ ಸಾರ್. ನಮ್ಮ ಮನೆ ಸಾಲು ಹೇಳಿ. ರಾತ್ರಿ ಎಲ್ಲಾ ನೋಡಿದ್ರಂತೆ?’

ಭೂತಗನ್ನಡಿಯವರಿಗೆ ಹಿಗ್ಗೂ ಆಯಿತು, ಅಳುಕೂ ಆಯಿತು. ಕಲೆಯ ಸುದ್ದಿ ಹಬ್ಬಿದ್ದು ಸಂತೋಷ; ಇದ್ದಿಲಿನ ಸುದ್ದಿ ಷಡ್ಡಕನಿಗೆ ಮುಟ್ಟಿದರೆ ಕಷ್ಟ. ದನಿ ತಗ್ಗಿಸಿದರು.

‘ಹುಣ್ಣಿಮೆವರೆಗೆ ಯಾರಿಗೂ ಹೇಳಬೇಡಿ. ಅವತ್ತು ದೊಡ್ಡೋರೇ ನೋಡೋಕೆ ಬರ್ತಾರೆ.’

‘ದೊಡ್ಡೋರು ಅಂದ್ರೆ... ತುಂಬಾ ದೊಡ್ಡೋರಾ?’

‘ನಮ್ಮ ಕಡೆ ಅವರಿಗಿಂತ ದೊಡ್ಡೋರು ಯಾರಿದಾರೆ? ಮಾತು ಸ್ವಲ್ಪ ಜೋರು.’

ಮೇಷ್ಟ್ರು ಕುರ್ಚಿಯ ತುದಿಗೆ ಸರಿದರು. ‘ನಮ್ಮ ಹೂತೋಟ?’

‘ಅದೇ ನೋಡಿ ತೊಂದರೆ. ಸರಿಯಾಗಿ ಕೆರೆ ಮೇಲೇ ಬಂದು ಕೂತಿದೆ. ಬಲಗಡೆಯಿಂದ ಕತ್ತರಿಸಿಬಿಡೋಣ ಅಂತಿದೀನಿ.’ ಫೋಟೋದ ಅಂಚನ್ನು ಹೇಗೆ ಕತ್ತರಿಸಬೇಕೆಂದು ಯೋಚಿಸುತ್ತಾ ಅವರು ನಾಲ್ಕು ಬೆರಳು ತೋರಿಸಿದರು. ‘ಇಷ್ಟು ಹೋದ್ರೆ ಸಾಕು.’

‘ನಾಲ್ಕಾ!’

‘ಐದಾದ್ರೆ ಇನ್ನೂ ಚೆಂದ.’

ಹೆದರಿಕೆಯಲ್ಲಿ ಕಣ್ಣು ಚುರುಕಾಗುತ್ತದೆ ಎಂಬುದು ಅಂದು ಸಿದ್ಧವಾಯಿತು. ಮೇಷ್ಟ್ರು ಪಟದ ಕೊನೆಯ ಸಾಲನ್ನಷ್ಟೇ ಅಲ್ಲ, ಅದರ ಕೆಳಗೆ ಇರುವೆ ಸಾಲಿನಂತೆ ಅಚ್ಚಾಗಿದ್ದ ಮುದ್ರಣಾಲಯದ ವಿಳಾಸವನ್ನೂ ಒಂದೇ ಉಸಿರಿಗೆ ಓದಿ, ಕನ್ನಡಕ ಬೇಡವೆಂದು ಎದ್ದು ಹೋದರು.

ಬೇಕರಿಯವನು ಅಷ್ಟು ಸುತ್ತಿ ಬಳಸಿ ಮಾತಾಡುವವನಲ್ಲ. ಕೇಕಿನ ಪೊಟ್ಟಣವೊಂದನ್ನು ಮೇಜಿನ ಮೇಲಿಟ್ಟು, ‘ಸಾರ್, ನಮ್ಮ ತಗಡು?’ ಎಂದ.

‘ಅಯ್ಯೋ, ಅದು ಎಷ್ಟು ಹೊಳೆಯುತ್ತೆ ಮಾರಾಯ! ದೊಡ್ಡೋರ ಕಣ್ಣಿಗೆ ಮೊದಲು ಬೀಳೋದೇ ಅದು.’

‘ನಾವಾಗೇ ತೆಗೆದುಬಿಟ್ರೆ?’

ಭೂತಗನ್ನಡಿಯವರ ಕಣ್ಣು ತುಂಬಿ ಬಂತು. ಮೈದಾ ಹಿಟ್ಟಿನಲ್ಲಿ ಮುಳುಗಿರುವ ಮನುಷ್ಯನಿಗೂ ಇಂಥ ಕಲಾಭಿರುಚಿ! ‘ತೆಗೆದುಬಿಟ್ರೆ ನಿನ್ನಂಥ ಪುಣ್ಯವಂತ ಈ ಬೀದೀಲಿ ಹುಟ್ಟಿಲ್ಲ ಕಣಪ್ಪಾ’ ಎಂದರು.

ಮಹಡಿ ಮನೆಯಮ್ಮ ಬಂದು ಮಂಡಿನೋವಿನಿಂದ ಶುರುಮಾಡಿ ಮೆಟ್ಟಿಲಿಗೆ ಬಂದಾಗ ಅವರು ಅಂದದ್ದೇ ಬೇರೆ: ‘ಮೆಟ್ಟಿಲು ಇರಲಿ ಅಮ್ಮಾ, ಅದರ ನೆರಳು ತುಂಬಾ ಚೆನ್ನಾಗಿ ಬೀಳುತ್ತೆ. ಅವತ್ತು ನೀವೂ ಅದರ ಮೇಲೆ ಕೂತ್ಕೊಳ್ಳಿ.’ ಇಡೀ ಬೀದಿಯಲ್ಲಿ ಅವರೊಬ್ಬರದೇ ಉಳಿಯಿತೆಂದು ತಿಳಿದಾಗ, ಆಕೆ ಏನು ಕೊಟ್ಟಿರಬಹುದು ಎಂಬ ಬಗ್ಗೆ ಬೀದಿಯಲ್ಲಿ ಮೂರು ಅಭಿಪ್ರಾಯಗಳು ಹುಟ್ಟಿಕೊಂಡವು. ಆಕೆ ಮಾತ್ರ ದಿನಕ್ಕೆ ನಾಲ್ಕು ಸಲ ಆ ಮೆಟ್ಟಿಲು ತೊಳೆಸಿದರು.

ಎರಡೇ ದಿನದಲ್ಲಿ ತಗಡು ಇಳಿಯಿತು. ಮೇಷ್ಟ್ರು ಖುದ್ದಾಗಿ ಹಾರೆ ಹಿಡಿದು ಐದಡಿ ಬೇಲಿ ಕಿತ್ತರು. ಅವರನ್ನು ನೋಡಿ ಉಳಿದವರೂ ಜಗಲಿ, ಕಟ್ಟೆ, ನೀರಿನ ಡ್ರಮ್ಮು, ಕೋಳಿ ಗೂಡು ಹಿಂದಕ್ಕೆ ಎಳೆದುಕೊಂಡರು. ಒತ್ತುವರಿ ತೆಗೆಯಿರಿ ಎಂದು ಒಂಬತ್ತು ನೋಟೀಸು ಕೊಟ್ಟರೂ ಅಲುಗದ ಬೀದಿ ತಾನಾಗಿ ಸರಿಯುತ್ತಿರುವುದನ್ನು ಕಂಡು ಪುರಸಭೆಯ ಓವರ್‌ಸಿಯರ್ ಬೀದಿಯ ಹಳೆಯ ಫೈಲು ಹುಡುಕಿ ತೆಗೆದ. ತನಗೆ ತಿಳಿಯದೆ ಮೇಲಿನಿಂದ ಯಾರೋ ತನಿಖೆಗೆ ಬಂದಿದ್ದಾರೆ! ಹುಣ್ಣಿಮೆಯ ಹಿಂದಿನ ದಿನ ಫೈಲೊಂದನ್ನು ಕಂಕುಳಲ್ಲಿ ಅವುಚಿಕೊಂಡು ಕನ್ನಡಕದ ಅಂಗಡಿಗೆ ಬಂದ.

‘ಸಾರ್, ನಮ್ಮ ಇಲಾಖೆಗೂ ಒಂದು ಮಾತು ಹೇಳದೆ...’

‘ಹೇಳೋಕೇನಿದೆ? ಸ್ವಂತ ಆಸಕ್ತಿ. ಆದ್ರೆ ನೀವು ಬಂದಿದ್ದು ಒಳ್ಳೇದಾಯ್ತು. ಬೀದಿ ದೀಪದ ವಿಷಯ.’

ಓವರ್‌ಸಿಯರ್ ಬೆವೆತುಬಿಟ್ಟ. ಏಳು ಕಂಬಗಳಲ್ಲಿ ಐದರ ದೀಪ ಉರಿಯದೆ ವರ್ಷವಾಗಿತ್ತು. ‘ಆ ಐದೂ ಈ ವಾರವೇ ಹಾಕಿಸ್ತೀನಿ ಸಾರ್, ವರದೀಲಿ ಮಾತ್ರ...’

‘ಬೇಡಿ ಬೇಡಿ! ಉರಿಯದೇ ಇರೋ ಐದು ತುಂಬಾ ಚೆನ್ನಾಗಿವೆ. ಉರೀತಾ ಇರೋ ಎರಡೇ ತೊಂದರೆ. ನಾಳೆ ರಾತ್ರಿ ಅವನ್ನೂ ಆರಿಸಿಬಿಡಿ.’

ದೀಪ ಉರಿಯುತ್ತಿದೆ ಎಂಬ ದೂರು ಆತನ ಇಪ್ಪತ್ತು ವರ್ಷದ ನೌಕರಿಯಲ್ಲಿ ಇದೇ ಮೊದಲು. ಇಷ್ಟು ಆಳವಾದ ತನಿಖೆಯೇ ಇರಬೇಕು ಎಂದುಕೊಂಡು ಕೈ ಮುಗಿದು ಹೊರಟ.

ಹುಣ್ಣಿಮೆ ಬಂತು. ರಾತ್ರಿ ಹತ್ತಕ್ಕೆ ಓವರ್‌ಸಿಯರ್ ತಾನೇ ನಿಂತು ದೀಪ ಆರಿಸಿದ. ಇಡೀ ಬೀದಿ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಅವರವರ ಮನೆ ಬಾಗಿಲಲ್ಲಿ, ಅವರವರ ಹೊಸ ಗಡಿಯೊಳಗೆ, ಒಂದು ಬೆರಳೂ ಮುಂದೆ ಬಾರದಂತೆ ನಿಂತಿತ್ತು. ಮಹಡಿ ಮನೆಯಮ್ಮ ಮೆಟ್ಟಿಲ ಮೇಲೆ ಮಹಾರಾಣಿಯಂತೆ ಕೂತಿದ್ದರು. ಚಂದ್ರ ಭೂತಗನ್ನಡಿಯವರ ಬೆನ್ನ ಹಿಂದೆ ಮೇಲೇರಿದ್ದ. ಹೆಂಡತಿ ಬಂದು ಕ್ಯಾಮೆರಾದ ಮುಚ್ಚಳ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ತಮ್ಮ ಕಲೆಗೆ ಇಷ್ಟು ಅಭಿಮಾನಿಗಳೇ ಎಂದು ಭೂತಗನ್ನಡಿಯವರು ಅಂಗಿಯ ಕಾಲರು ಸರಿಮಾಡಿಕೊಂಡರು. ‘ಎಲ್ಲರೂ ಇದ್ದಲ್ಲೇ ಇರಿ. ಮುನ್ನೂರು ಎಣಿಸೋವರೆಗೆ ಅಲ್ಲಾಡಬೇಡಿ’ ಎಂದು ಗುಂಡಿ ಒತ್ತಿದರು. ‘ಒಂದು... ಎರಡು...’

ಬೀದಿ ಉಸಿರು ಬಿಗಿಹಿಡಿಯಿತು. ತೊಂಬತ್ತರ ಹೊತ್ತಿಗೆ ಕೆಳಗಿನ ಅಡ್ಡರಸ್ತೆಯಿಂದ ದಪ್ಪ ಹೆಜ್ಜೆ ಕೇಳಿಸಿತು. ಷಡ್ಡಕ ಬಂದಿದ್ದ.

‘ಏನಯ್ಯಾ ಇದು, ಇಷ್ಟೊಂದು ಜನ!’

ದೊಡ್ಡೋರು! ಓವರ್‌ಸಿಯರ್ ತುಟಿ ಅಲುಗಿಸದೆ, ಕಂಬದ ಹಾಗೆ ನಿಂತೇ ಹೇಳಿದ: ‘ನಮಸ್ಕಾರ ಸಾರ್. ನಮ್ಮ ಇಲಾಖೆಯಿಂದ ಏನೂ ಲೋಪ ಇಲ್ಲ ಸಾರ್.’

‘ಯಾವ ಇಲಾಖೆ? ನಂದು ಟೈಲ್ಸ್ ಅಂಗಡಿ ಕಣಯ್ಯಾ. ನಮ್ಮ ಹಾಲಿನ ಗೋಡೆಗೆ ನನ್ನ ಷಡ್ಡಕ ಫೋಟೋ ತೆಗೀತಾನೆ ಅಂತ ನೋಡೋಕೆ ಬಂದೆ.’

‘ಫೋಟೋನಾ?’ ಎಂದ ಬೇಕರಿಯವನು ಹಲ್ಲಿನ ಸಂದಿಯಿಂದ.

ಫೋಟೋನಾ, ಫೋಟೋನಾ ಎಂದು ಆ ಮಾತು ಬಾಗಿಲಿಂದ ಬಾಗಿಲಿಗೆ ಹರಿದು ಕೆರೆಯವರೆಗೂ ಹೋಗಿ ವಾಪಸು ಬಂತು. ಭೂತಗನ್ನಡಿಯವರ ತಲೆಯಲ್ಲಿ ತಗಡು, ಬೇಲಿ, ಕೇಕು, ದೀಪ ಎಲ್ಲ ಒಮ್ಮೆಲೇ ಸಾಲಾಗಿ ನಿಂತವು. ಬಾಯಿ ಮಾತ್ರ ಅಭ್ಯಾಸಬಲದಿಂದ ‘ನೂರ ಹನ್ನೆರಡು’ ಎಂದಿತು.

ಬೇಕರಿಯವನ ಬಲಗಾಲು ನೆಲ ಬಿಟ್ಟು ಏಳತೊಡಗಿತು.

‘ಅಲ್ಲಾಡಬೇಡಪ್ಪಾ!’ ಎಂದು ಅವರು ಅಂಗಲಾಚಿದರು. ‘ನೂರ ಹದಿಮೂರು... ಹೊಡೆಯೋದಿದ್ರೆ ಮುನ್ನೂರು ಆದ್ಮೇಲೆ ಹೊಡಿ! ನೂರ ಹದಿನಾಲ್ಕು...’

‘ನಾನು ನಿನ್ನ...’

‘ನಿಲ್ಲಯ್ಯಾ!’ ಇದು ಹೆಡ್‌ಮೇಷ್ಟ್ರ ದನಿ. ಮೂವತ್ತು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ ದನಿ. ‘ಐದಡಿ ಬೇಲಿ ಕಿತ್ತಿದೀನಿ ನಾನು. ರಸ್ತೆನೂ ಇಲ್ಲ, ಈಗ ಫೋಟೋನೂ ಕೆಟ್ಟುಹೋದ್ರೆ ನಾನು ಕಿತ್ತಿದ್ದು ಯಾತಕ್ಕೆ? ಕಾಲು ಕೆಳಗಿಡು!’

ಕಾಲು ಕೆಳಗಿಳಿಯಿತು. ವಾದದಲ್ಲಿ ತಪ್ಪು ಹುಡುಕಲು ಯಾರಿಗೂ ಸಾಧ್ಯವಾಗಲಿಲ್ಲ. ಮುನ್ನೂರು ಆದ ಮೇಲೆ ಹೊಡೆಯುವುದೆಂದು ಇಡೀ ಬೀದಿ ಮೌನವಾಗಿ ಒಪ್ಪಿಕೊಂಡಿತು. ಷಡ್ಡಕನೊಬ್ಬ ಮಾತ್ರ, ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಕ್ಯಾಮೆರಾದ ಮುಂದೆ ಅತ್ತಿಂದಿತ್ತ ಓಡಾಡುತ್ತಾ, ‘ಸ್ವಲ್ಪ ಎಡಕ್ಕೆ ಇಟ್ಟಿದ್ರೆ ಗುಡ್ಡ ಪೂರ್ತಿ ಬರ್ತಿತ್ತು’ ಎಂದು ಕೈ ಬೀಸಿ ಸಲಹೆ ಕೊಡುತ್ತಿದ್ದ.

ಆದರೆ ಸಿಟ್ಟನ್ನು ಅಲ್ಲಾಡದೆ ಹಿಡಿದುಕೊಳ್ಳುವುದು ಬಹಳ ಕಷ್ಟ. ಕೈ ಎತ್ತುವಂತಿಲ್ಲ, ಕೂಗುವಂತಿಲ್ಲ, ತಿರುಗುವಂತಿಲ್ಲ. ನೋಡುವುದಕ್ಕೆ ಎದುರಿಗೆ ಇದ್ದದ್ದು ಒಂದೇ. ತಗಡು, ಬೇಲಿ, ಡ್ರಮ್ಮುಗಳೆಲ್ಲ ಸರಿದ ಬೀದಿಯ ತುದಿಯಲ್ಲಿ ಕೆರೆ ಈ ದಡದಿಂದ ಆ ದಡದವರೆಗೆ ಬೆಳ್ಳಗೆ ಮಲಗಿತ್ತು. ಗುಡ್ಡದ ಮೇಲಿನ ಒಂದೊಂದು ಮರವನ್ನೂ ಎಣಿಸಬಹುದಾಗಿತ್ತು. ಇಷ್ಟು ದಿನ ತಗಡಿಗೆ ಬಡಿದು ವಾಪಸು ಹೋಗುತ್ತಿದ್ದ ಕೆರೆಯ ಗಾಳಿ ಮೆಲ್ಲಗೆ ಬೀದಿಯೊಳಗೆ ಬಂದು ಎಲ್ಲರ ಕೂದಲು ಸವರಿತು.

‘ಇನ್ನೂರು’ ಎಂದರು ಭೂತಗನ್ನಡಿಯವರು ಕ್ಷೀಣವಾಗಿ.

‘ನಾನು ಈ ಮನೆಗೆ ಬಂದ ಹೊಸದರಲ್ಲಿ ಇಲ್ಲಿಂದ ಕೆರೆ ಹೀಗೇ ಕಾಣ್ತಿತ್ತು’ ಎಂದರು ಮಹಡಿ ಮನೆಯಮ್ಮ, ಕತ್ತು ತಿರುಗಿಸದೆ. ‘ಅವರಿದ್ದಾಗ ಇಬ್ಬರೂ ಇಲ್ಲೇ ಕೂತ್ಕೊಳ್ತಿದ್ವಿ.’

ಮೇಷ್ಟ್ರು ಮೂಗೆಳೆದುಕೊಂಡರು.

ಇನ್ನೂರ ಐವತ್ತು ದಾಟಿದ ಮೇಲೆ ಎಣಿಕೆ ನಿಧಾನವಾಯಿತು. ಜೀವದ ಮೇಲೆ ಆಸೆಯಿರುವ ಯಾರೂ ಆ ಸ್ಥಿತಿಯಲ್ಲಿ ಅವಸರಪಡುವುದಿಲ್ಲ. ‘ಇನ್ನೂರ ತೊಂಬತ್ತೊಂಬತ್ತು...’ ಎಂದು ಅವರು ಸುತ್ತ ನೋಡಿದರು. ‘ಇನ್ನೂರ ತೊಂಬತ್ತೊಂಬತ್ತೂ ಕಾಲು... ತೊಂಬತ್ತೊಂಬತ್ತೂವರೆ...’

‘ಮುನ್ನೂರು!’ ಎಂದರು ಗಣಿತ ಬಲ್ಲ ಮೇಷ್ಟ್ರು.

ಗುಂಡಿ ಒತ್ತಿದರು. ಕ್ಯಾಮೆರಾ ಕಣ್ಣು ಮುಚ್ಚಿತು, ಅವರೂ ಮುಚ್ಚಿದರು. ಹೆಜ್ಜೆಗಳು ಹತ್ತಿರ ಬಂದವು. ಮೈದಾ ವಾಸನೆಯ ಕೈಯೊಂದು ಅವರ ಅಂಗಿಯ ಕಾಲರಿಗೆ ಬಿತ್ತು.

‘ಸಾರ್’ ಎಂದ ಬೇಕರಿಯವನು, ಸ್ವಲ್ಪ ನಾಚಿಕೊಂಡು. ‘ನಡುವೆ ನಾನು ಕಾಲು ಎತ್ತಿಬಿಟ್ಟೆ. ಇನ್ನೊಂದು ತೆಗೀತೀರಾ?’

ಇನ್ನೊಂದು ತೆಗೆದರು. ಆಮೇಲೆ ಮತ್ತೊಂದು. ಎಣಿಕೆಯನ್ನು ಬೀದಿಯ ಮಕ್ಕಳೆಲ್ಲ ಸೇರಿ ವಹಿಸಿಕೊಂಡರು. ಬೇಕರಿಯ ಬಾಗಿಲು ತೆರೆದು ಬಿಸಿ ಬನ್ನುಗಳ ತಟ್ಟೆ ಬಂತು. ಕತ್ತಲೆಯ ಬೀದಿಯಲ್ಲಿ ಚಂದ್ರ ನೆತ್ತಿ ದಾಟುವವರೆಗೂ ಜನ ಕೂತಿದ್ದರು. ಓವರ್‌ಸಿಯರ್ ಮೆಟ್ಟಿಲ ಮೇಲೆ ಕೂತು, ‘ಇಲಾಖೆಯ ಸತತ ಪ್ರಯತ್ನದಿಂದ ಒತ್ತುವರಿ ತೆರವಾಗಿದೆ’ ಎಂದು ಬೆಳದಿಂಗಳಲ್ಲೇ ಫೈಲಿನಲ್ಲಿ ಬರೆದುಕೊಂಡ. ಯಾರೂ ಆಕ್ಷೇಪಿಸಲಿಲ್ಲ, ಬಾಯಿ ತುಂಬಾ ಬನ್ನಿತ್ತು.

ಮೂರನೆಯ ದಿನ ಸ್ಟುಡಿಯೋ ಅಜ್ಜ ಎರಡು ಅಡಿ ಅಗಲದ ಫೋಟೋ ಹಿಡಿದು ಅಂಗಡಿಗೆ ಬಂದಾಗ ಒಳಗೆ ಕಾಲಿಡಲು ಜಾಗವಿರಲಿಲ್ಲ. ಷಡ್ಡಕ ಎಲ್ಲರಿಗಿಂತ ಮುಂದೆ ನಿಂತಿದ್ದ. ಮೇಜಿನ ಮೇಲೆ ಬಿಚ್ಚಿದರು. ಮನೆಗಳು, ಬಾಗಿಲಲ್ಲಿ ನಿಂತ ಜನ, ಮೆಟ್ಟಿಲ ನೆರಳು, ಕೆರೆ, ಗುಡ್ಡ ಎಲ್ಲವೂ ಕಣ್ಣಿಗೆ ಕಟ್ಟುವಷ್ಟು ನಿಚ್ಚಳ. ಮಟಮಟ ಮಧ್ಯಾಹ್ನದ ಬೆಳಕಿನಂತೆ ಬೆಳಕು.

‘ಮೋಸ!’ ಎಂದು ಷಡ್ಡಕ ಚಪ್ಪಾಳೆ ತಟ್ಟಿದ. ‘ಇದು ಹಗಲು ತೆಗೆದಿದ್ದು!’

‘ಹಗಲಾ?’ ಬೇಕರಿಯವನು ತೋಳು ಮಡಿಸಿದ. ‘ನಾನೇ ನಿಂತಿದ್ನಲ್ಲ ರೀ!’

‘ಮುನ್ನೂರು ಅಂದವನೇ ನಾನು’ ಎಂದರು ಮೇಷ್ಟ್ರು.

ಭೂತಗನ್ನಡಿಯವರು ಬಾಯಿ ತೆರೆಯುವ ಮುನ್ನವೇ ಇಡೀ ಬೀದಿ ಅವರ ಪರವಾಗಿ ಮಾತಾಡಿ ಮುಗಿಸಿತು. ಜೀವನದಲ್ಲಿ ಮೊದಲ ಸಲ ಅವರಿಗೆ ಏನನ್ನೂ ದೊಡ್ಡದು ಮಾಡಿ ಹೇಳುವ ಅಗತ್ಯ ಬೀಳಲಿಲ್ಲ. ಏನು ಮಾಡಬೇಕೋ ತಿಳಿಯದೆ ಸುಮ್ಮನೆ ಗಾಜು ಒರೆಸಿದರು.

ಸ್ಟುಡಿಯೋ ಅಜ್ಜ ಗುಡ್ಡದ ಮೇಲಿನ ಆಕಾಶಕ್ಕೆ ಬೆರಳಿಟ್ಟ. ಅಲ್ಲಿ ಬಿಳಿಯ ಸಣ್ಣ ಗೀರುಗಳಿದ್ದವು. ‘ಇವು ನಕ್ಷತ್ರ. ಐದು ನಿಮಿಷದಲ್ಲಿ ಇಷ್ಟು ದೂರ ನಡೆದಿವೆ. ಹಗಲಲ್ಲಿ ಯಾರಿಗಾದ್ರೂ ನಕ್ಷತ್ರ ಕಂಡಿದ್ಯೇನಪ್ಪಾ?’

‘ಇವರಿಗೆ ಮೊನ್ನೆ ಕಾಣ್ತಿತ್ತು, ಸ್ವಲ್ಪದರಲ್ಲಿ ತಪ್ಪಿತು’ ಎಂದು ಹೆಂಡತಿ ಗಂಡನ ಕಡೆ ತೋರಿಸಿದಳು. ಅಂಗಡಿಯ ಗಾಜುಗಳೆಲ್ಲ ಅದುರುವಂತೆ ಜನ ನಕ್ಕರು.

ಷಡ್ಡಕ ನಗಲಿಲ್ಲ. ಫೋಟೋದ ಮೇಲೆ ಬಗ್ಗಿ, ಮೂಗು ತಾಗುವಷ್ಟು ಹತ್ತಿರದಿಂದ, ಎಡತುದಿಯಿಂದ ಬಲತುದಿಗೆ ನೋಡಿದ. ಬಲದಿಂದ ಎಡಕ್ಕೆ ನೋಡಿದ.

‘ಅದೆಲ್ಲಾ ಇರಲಿ. ನಾನೆಲ್ಲಿ?’

‘ನೀನು ನಿಂತಿದ್ಯಾ?’ ಎಂದ ಅಜ್ಜ.

‘ಇಲ್ಲ, ಓಡಾಡ್ತಿದ್ದೆ. ಇಲ್ಲೇ, ಸರಿಯಾಗಿ ನಡುವೇನೇ!’

‘ನಿಂತವರು ಬರ್ತಾರೆ. ಓಡಾಡಿದವರು ಬರಲ್ಲಪ್ಪಾ.’

ಷಡ್ಡಕ ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕುಸಿದು ಕೂತ. ಬಹಳ ಹೊತ್ತು ಫೋಟೋವನ್ನೇ ನೋಡಿದ. ಓವರ್‌ಸಿಯರ್ ಇದ್ದ, ಬೇಕರಿಯ ಬೆಕ್ಕೂ ಇತ್ತು. ಕೊನೆಗೆ, ತನಗಾಗಿ ಅಲ್ಲ, ಬೇರೆ ಯಾರಿಗಾಗಿಯೋ ಕೇಳುವವನಂತೆ, ‘ಮುಂದಿನ ಹುಣ್ಣಿಮೆ ಯಾವತ್ತು?’ ಎಂದ.

‘ಇನ್ನೂ ಇಪ್ಪತ್ತಾರು ದಿನ ಇದೆ’ ಎಂದ ಬೇಕರಿಯವನು. ‘ಅಲ್ಲೀವರೆಗೆ ಮನೇಲಿ ನಿಂತು ಅಭ್ಯಾಸ ಮಾಡಿ.’